ಹಲ್ಲಿನ ಬಾಯಿ

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ‘ಬಾಯಿ’ ಎಂದು ಕರೆಯುವುದು ವಾಡಿಕೆ. ಆದ್ದರಿಂದ ಶಂಕರಪುರದ ಅಪೊಲೋನಿಯಾ ಬಾಯಿಗೆ ‘ಹಲ್ಲಿನ ಬಾಯಿ’ ಎಂಬ ಹೆಸರು ಬಿದ್ದದ್ದರಲ್ಲಿ ಅರ್ಧ ಭಕ್ತಿಯಿತ್ತು, ಅರ್ಧ ಕುಚೋದ್ಯವಿತ್ತು. ಏಕೆಂದರೆ ಆಕೆಯ ಸ್ವಂತ ಬಾಯಲ್ಲಿ ಮೇಲಿನ ಸಾಲಿನ ಹಲ್ಲು ಹೆಚ್ಚೇನೂ ಉಳಿದಿರಲಿಲ್ಲ.

ಭಕ್ತಿಗೂ ಕಾರಣವಿತ್ತು. ಅಪೊಲೋನಿಯಾ ಎಂಬ ಸಂತಳು ಹಲ್ಲುನೋವಿನವರ ಮೊರೆ ಕೇಳುವವಳು, ಅವಳ ಹಲ್ಲುಗಳನ್ನೆಲ್ಲ ಉದುರಿಸಿ ಹಿಂಸೆ ಕೊಟ್ಟಿದ್ದರು ಎಂದು ಹಿಂದಿನ ಕಾಲದ ಪಾದ್ರಿಗಳೊಬ್ಬರು ಇಗರ್ಜಿಯಲ್ಲಿ ಹೇಳಿದ್ದರು. ಅಷ್ಟು ಸಾಕಾಯಿತು. ಆ ಹೆಸರನ್ನು ಹೊತ್ತವಳು ಊರಲ್ಲಿ ಒಬ್ಬಳೇ ಇದ್ದದ್ದರಿಂದ ಹಲ್ಲುನೋವು ಬಂದವರೆಲ್ಲ, ಇಗರ್ಜಿಗೆ ಹೋಗುವವರು ದೇವಸ್ಥಾನಕ್ಕೆ ಹೋಗುವವರು ಎಂದಿಲ್ಲದೆ, ಕೆನ್ನೆ ಹಿಡಿದುಕೊಂಡು ಅವಳ ಜಗಲಿ ಹತ್ತಿದರು. ಅವಳು ಲವಂಗದ ಎಣ್ಣೆಯಲ್ಲಿ ಹೆಬ್ಬೆರಳು ಅದ್ದಿ ಕೆನ್ನೆಯ ಮೇಲೆ ಶಿಲುಬೆ ಎಳೆದು, ಪ್ರಾರ್ಥನೆ ಹೇಳಿ, ಅದೇ ಎಣ್ಣೆಯ ಹತ್ತಿಯನ್ನು ಹಲ್ಲಿನ ಸಂದಿಗೆ ಇಟ್ಟು ಕಳಿಸುತ್ತಿದ್ದಳು. ನೋವು ಇಳಿದದ್ದು ಲವಂಗಕ್ಕೋ ಸಂತಳಿಗೋ ಎಂದು ಕೇಳಿದವರಿಲ್ಲ. ಇಳಿದವರು ನಾಲ್ಕು ಬಂಗುಡೆ ಮೀನನ್ನೋ ಒಂದು ಗೊನೆ ಬಾಳೆಕಾಯಿಯನ್ನೋ ತಂದಿಟ್ಟು ಹೋಗುತ್ತಿದ್ದರು.

ಇಂಥ ಮನೆಯ ಸೊಸೆಗೇ ಹಲ್ಲುನೋವು ಬಂತು.

ಸೊಸೆ ಸೆಲೀನ್ ನಸುಕಿಗೇ ಮಲ್ಲಿಗೆ ಮೊಗ್ಗು ಕೊಯ್ದು ತಂದು ಜಗಲಿಯಲ್ಲಿ ಕೂತರೆ, ಹೂವಿನವನ ಸೈಕಲ್ಲಿನ ಗಂಟೆ ಕೇಳುವ ಮೊದಲು ಕಟ್ಟಿ ಮುಗಿಸಬೇಕು. ಕಟ್ಟುವುದು ಬಾಳೆನಾರಿನಲ್ಲಿ. ನೆನೆಸಿದ ನಾರನ್ನು ಅವಳು ಬಲಗಡೆಯ ಮೇಲಿನ ಕೋರೆಹಲ್ಲಿಗೆ ಸಿಕ್ಕಿಸಿ ಸರ್ರೆಂದು ಎಳೆದರೆ ನೂಲಿನಷ್ಟು ತೆಳ್ಳಗೆ ಸೀಳಿ ಬರುತ್ತಿತ್ತು. ಅಂಥ ನಾರಿನಲ್ಲಿ ಕಟ್ಟಿದ ಹೂವಿನ ನಡುವೆ ಗಂಟು ಕಾಣುವುದಿಲ್ಲ. ಹೂವಿನವನು ಬೇರೆಯವರ ಕಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರೂ ಸೆಲೀನಳದ್ದನ್ನು ನೋಡದೆ ಬುಟ್ಟಿಗೆ ಹಾಕುತ್ತಿದ್ದ. ಅವಳ ಗಂಡ ಸ್ಟ್ಯಾನಿಸ್ಲಾಸನಿಗೆ ಕಾಪು ಪೇಟೆಯಲ್ಲಿ ಹೊಲಿಗೆಯ ಅಂಗಡಿ. ಅವನು ನೂಲು ಕಡಿಯುವುದೂ ಹಲ್ಲಿನಲ್ಲೇ. ಆ ಮನೆಯಲ್ಲಿ ಕತ್ತರಿಗೆ ರಜೆ, ಹಲ್ಲಿಗೆ ದುಡಿಮೆ.

ಅಪೊಲೋನಿಯಾ ಬಾಯಿಯ ಕಣ್ಣು ಮಂಜಾಗಿ ವರ್ಷಗಳೇ ಆಗಿದ್ದವು. ಒಂದು ಕಾಲದಲ್ಲಿ ಹೂ ಕಟ್ಟುವುದರಲ್ಲಿ ಅವಳದೇ ಮೇಲುಗೈ. ಈಗ ಬೆರಳಿನಿಂದ ಮುಟ್ಟಿ ಮುಟ್ಟಿ ಮೊಗ್ಗುಗಳನ್ನು ಜೋಡಿಸಿ ಸೊಸೆಯ ಕಡೆಗೆ ಸರಿಸುವುದಷ್ಟೇ ಕೆಲಸ. ಆದರೆ ಕಿವಿ ಮಾತ್ರ ಬಲು ಚುರುಕು.

“ಎಂತ ಸೆಲೀನ್, ಇವತ್ತು ನಾರು ಎಡಗಡೆ ಕಚ್ತಾ ಇದ್ದೀಯಲ್ಲ?”

“ಇಲ್ಲ ಮಾಂಯ್.” ಅತ್ತೆಯನ್ನು ಸೆಲೀನ್ ಕರೆಯುವುದು ಹಾಗೆ.

“ಎಂತ ಇಲ್ಲ? ನನಗೆ ಸದ್ದು ಗೊತ್ತಾಗುವುದಿಲ್ವಾ? ಬಲಗಡೆ ಸೀಳಿದರೆ ಸರ್ರ್ ಅಂತದೆ. ಇದು ಹರಿದ ಹಾಗೆ ಕೇಳ್ತದೆ. ಹಲ್ಲು ನೋವು ಉಂಟಾ?”

“ಸ್ವಲ್ಪ.”

“ಸ್ವಲ್ಪ ಅಂದರೆ ಜೋರು. ನನ್ನತ್ರ ಹೇಳ್ಲಿಕ್ಕೆ ನಾಚಿಕೆಯಾ? ಊರಿಗೆಲ್ಲ ನಾನು ಶಿಲುಬೆ ಹಾಕುವುದು, ಮನೆಯವಳಿಗೆ ಬೇಡವಾ?”

ಶಿಲುಬೆ ಹಾಕಿದ್ದಾಯಿತು, ಹತ್ತಿ ಇಟ್ಟದ್ದಾಯಿತು. ನೋವು ಒಂದು ಘಳಿಗೆ ಇಳಿದು ಮತ್ತೆ ಹತ್ತಿತು. ಒಂದು ವಾರ ಹೀಗೇ ನಡೆಯಿತು. ಬಿಸಿ ಗಂಜಿ ಬಾಯಿಗಿಟ್ಟರೆ ನೆತ್ತಿಗೆ ಹೊಡೆಯುತ್ತಿತ್ತು. ಮೀನಿನ ತಲೆಯನ್ನು ಚೀಪಿ ಚೀಪಿ ತಿನ್ನುವವಳು ಅದನ್ನು ಸದ್ದಿಲ್ಲದೆ ಗಂಡನ ಬಟ್ಟಲಿಗೆ ಹಾಕತೊಡಗಿದಳು.

“ನನಗೆ ಎರಡೆರಡು ತಲೆ ಎಂತಕ್ಕೆ?” ಸ್ಟ್ಯಾನಿಸ್ಲಾಸ್ ಕೇಳಿದ. “ಇನ್ನೂ ನೋವು ಉಂಟಾ? ಕಾಪುವಿನಲ್ಲಿ ಹಲ್ಲಿನವನು ಒಬ್ಬ ಇದ್ದಾನೆ. ಕೀಳಿಸಿ ಬಿಸಾಡು. ಒಂದು ದಿನದ ಕೆಲಸ.”

ಅಪೊಲೋನಿಯಾ ಬಾಯಿ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿದಳು. “ಕೀಳಿಸುವುದಾ? ಮೇಲಿನ ಹಲ್ಲಾ? ನನ್ನ ಗತಿ ನೋಡಿದ ಮೇಲೂ ಈ ಮಾತು ಆಡ್ತಿಯಲ್ಲ ಮಾರಾಯ!”

ಅವಳ ಗತಿಯ ಕಥೆ ಮನೆಯವರಿಗೆಲ್ಲ ಬಾಯಿಪಾಠ. ಕಾರ್ಕಳದ ಹತ್ತಿರ ಅತ್ತೂರಿನ ಸಾಂತ್‌ಮಾರಿ ಜಾತ್ರೆಗೆ ಹೋದಾಗ, ಅಲ್ಲಿ ಚಾಪೆ ಹಾಸಿ ಕೂತಿದ್ದವನೊಬ್ಬ ನೋಯುತ್ತಿದ್ದ ಮೇಲಿನ ಹಲ್ಲನ್ನು ಇಕ್ಕಳ ಹಾಕಿ ಕಿತ್ತಿದ್ದ. ಆಮೇಲಿನ ಮಳೆಗಾಲಕ್ಕೆ ದೀಪದ ಸುತ್ತ ಬಳೆಯ ಹಾಗೆ ಕಾಣತೊಡಗಿತು. ಮತ್ತೊಂದು ವರ್ಷಕ್ಕೆ ಸೂಜಿಯ ಕಣ್ಣು ಕಾಣಲಿಲ್ಲ. ಅದರ ಮರುವರ್ಷ ಮೊಗ್ಗು ಯಾವುದು ತೊಟ್ಟು ಯಾವುದು ತಿಳಿಯಲಿಲ್ಲ. ಮೇಲಿನ ಹಲ್ಲಿನ ಬೇರು ಕಣ್ಣಿನಲ್ಲಿ ಉಂಟು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

“ಅಜ್ಜಿ, ಹಲ್ಲಿಗೂ ಕಣ್ಣಿಗೂ ಸಂಬಂಧ ಇಲ್ಲ,” ಎಂದಳು ಮೊಮ್ಮಗಳು ಲೊರ್ನಾ. ಅವಳು ಉಡುಪಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಮಾವಿನೆಲೆ, ಉಮಿಕರಿ ಬಿಟ್ಟು ಬ್ರಶ್ಶು ಹಿಡಿದವಳು ಆ ಮನೆಯಲ್ಲಿ ಅವಳೊಬ್ಬಳೇ.

“ನೀನು ಸುಮ್ಮನಿರು. ಕುದುರೆ ಮೈ ತಿಕ್ಕುವ ಹಾಗೆ ಹಲ್ಲು ತಿಕ್ಕಿದರೆ ಬುದ್ಧಿ ಬರುವುದಿಲ್ಲ. ಕಣ್ಣು ಹೋದದ್ದು ನನ್ನದು. ಇವಳ ಕಣ್ಣೂ ಹೋದರೆ ನಾಳೆ ಹೂ ಕಟ್ಟುವುದು ಯಾರು? ನಿನ್ನ ಕಾಲೇಜಾ?”

ಅದು ಬರೀ ಹಟವಲ್ಲ, ಭಯ. ಮನೆಯಲ್ಲಿ ಇನ್ನೊಬ್ಬಳು ಕಣ್ಣು ಕಳೆದುಕೊಂಡು ತನ್ನ ಹಾಗೆ ಮೊಗ್ಗು ತಡವುತ್ತ ಕೂರುವುದನ್ನು ನೆನೆದರೇ ಆ ಮುದುಕಿಯ ಕೈ ಜಪಮಣಿಗೆ ಹೋಗುತ್ತಿತ್ತು. ಸೆಲೀನಳಿಗೆ ಅದು ಗೊತ್ತಿತ್ತು. ಆದ್ದರಿಂದ ಅವಳು ಎದುರು ಮಾತಾಡಲಿಲ್ಲ.

ಎದುರು ಮಾತಾಡದವರು ಹಿಂಬಾಗಿಲಿನಿಂದ ಹೋಗಬೇಕಾಗುತ್ತದೆ. ಕಾಲೇಜಿನಲ್ಲಿ ಹೆತ್ತವರ ಸಹಿ ಬೇಕಂತೆ ಎಂದು ಲೊರ್ನಾ ಒಂದು ಸುಳ್ಳು ಕಟ್ಟಿದಳು. ಆ ದಿನದ ಮೊಗ್ಗುಗಳನ್ನು ಪಕ್ಕದ ಮನೆಯ ರತ್ನಾವತಿಗೆ ಒಪ್ಪಿಸಿ ತಾಯಿ ಮಗಳು ಬಸ್ಸು ಹತ್ತಿದರು. ಉಡುಪಿಯಲ್ಲಿ ಇಳಿದು, ಅಲ್ಲಿಂದ ಮಣಿಪಾಲದ ಬಸ್ಸು.

ಹಲ್ಲಿನ ಆಸ್ಪತ್ರೆಯಲ್ಲಿ ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯಲ್ಲೂ ಬಾಯಿ ತೆರೆದ ಒಂದೊಂದು ಮುಖ. ಸೆಲೀನಳನ್ನು ನೋಡಿದವಳು ಸುಭಾಷಿಣಿ ಎಂಬ ಡಾಕ್ಟರು, ಉಡುಪಿಯ ಕಡೆಯವಳೇ, ಮಾತು ಸ್ವಲ್ಪ ಚುರುಕು.

“ಈ ಹಲ್ಲಿನ ತುದಿಯಲ್ಲಿ ಗರಗಸ ಎಳೆದ ಹಾಗೆ ಗೀರು ಉಂಟಲ್ಲ! ಎಂತ ಕೆಲಸ ನಿಮ್ಮದು?”

“ಹೂ ಕಟ್ಟುವುದು.”

“ಕೈಯಲ್ಲಿ ಕಟ್ಟುವುದಾ, ಹಲ್ಲಿನಲ್ಲಿ ಕಟ್ಟುವುದಾ?”

ನೋವಿನಲ್ಲೂ ಸೆಲೀನಳಿಗೆ ನಗು ಬಂತು. ಡಾಕ್ಟರು ಹಲ್ಲನ್ನು ಸಣ್ಣ ಕೋಲಿನಿಂದ ತಟ್ಟಿ ನೋಡಿದಳು, ಫೋಟೋ ತೆಗೆಸಿದಳು. ಗೀರು ಬಿದ್ದಲ್ಲಿ ಹುಳುಕು ಸೇರಿ ಒಳಗಿನವರೆಗೆ ಹೋಗಿದೆ ಎಂದಳು.

“ಕೀಳಬೇಕಾ?” ಸೆಲೀನ್ ಕೇಳಿದಳು.

“ಇಷ್ಟು ಗಟ್ಟಿ ಹಲ್ಲನ್ನು ಕೀಳುವುದು ಎಂತಕ್ಕೆ? ಒಳಗಿನ ನರ ತೆಗೆದು ತುಂಬಿಸಿದರೆ ಹಲ್ಲು ಉಳಿಯುತ್ತದೆ. ಆದರೆ ಒಂದೇ ದಿನದಲ್ಲಿ ಆಗುವುದಿಲ್ಲ, ಮೂರು ನಾಲ್ಕು ಸಲ ಬರಬೇಕು. ಇವತ್ತು ತೂತು ಮಾಡಿ ಮದ್ದು ಇಟ್ಟು ಸಿಮೆಂಟು ಹಾಕ್ತೇನೆ. ಮುಂದಿನ ವಾರ ಬನ್ನಿ. ನೋವು ಹೋದರೂ ಬನ್ನಿ. ಕೇಳಿಸಿತಾ? ನೋವು ಹೋಯಿತು ಅಂತ ಮನೆಯಲ್ಲಿ ಕೂರಬೇಡಿ.”

ಹೊರಗೆ ಬಂದು ಲೊರ್ನಾ ತೆಗೆಸಿಕೊಟ್ಟ ಚಹಾ ಕುಡಿದಾಗ ಬಿಸಿ ನೆತ್ತಿಗೆ ಹೊಡೆಯಲಿಲ್ಲ. ಸೆಲೀನ್ ಇನ್ನೊಂದು ಗುಟುಕು ಕುಡಿದು ನೋಡಿದಳು. ಆಗಲೂ ಹೊಡೆಯಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

ಮನೆಗೆ ಬಂದ ಸಂಜೆ ಅತ್ತೆ ಎಂದಿನಂತೆ ಕರೆದು ಕೆನ್ನೆಗೆ ಶಿಲುಬೆ ಹಾಕಿದಳು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ನಾರು ಬಲಗಡೆಯಿಂದ ಸರ್ರೆಂದಿತು.

“ರತ್ನಾವತೀ!” ಮುದುಕಿ ಬೇಲಿಯಾಚೆಗೆ ಕೂಗಿದಳು. “ಕೇಳಿದೆಯಾ ಸದ್ದು? ನಿನ್ನೆ ನಾನು ಮನಸ್ಸಿಟ್ಟು ಹಾಕಿದ್ದು. ಮೊದಲಿನದ್ದೆಲ್ಲ ಗಡಿಬಿಡಿಯಲ್ಲಿ ಹಾಕಿದ್ದು. ಅದಕ್ಕೆ ತಾಗಿರಲಿಲ್ಲ.”

“ನಿಮ್ಮ ಕೈಗುಣ ಅಲ್ವಾ ಬಾಯಮ್ಮ,” ಎಂದಳು ರತ್ನಾವತಿ.

ಅಡುಗೆಮನೆಯಲ್ಲಿ ಲೊರ್ನಾ ತಾಯಿಯ ಮೇಲೆ ಹಾರಿಬಿದ್ದಳು. “ನೀವು ಹೇಳ್ಬಾರದಾ ಮಮ್ಮಿ? ಯಾರದ್ದೋ ಮದ್ದು, ಯಾರಿಗೋ ಹೆಸರು!”

“ಹೋಗ್ಲಿ ಪುತಾ. ಅವರ ಖುಷಿ ನೋಡಿದೆಯಾ? ಕಣ್ಣು ಹೋದ ಮೇಲೆ ಅವರಿಗೆ ಉಳಿದದ್ದು ಅದೊಂದೇ. ಒಂದು ಶಿಲುಬೆಯಿಂದ ನಮಗೆ ಎಂತ ನಷ್ಟ?”

ನಷ್ಟ ಮುಂದಿನ ವಾರವೇ ತಿಳಿಯಿತು. ಗುಣವಾದ ಹಲ್ಲಿಗೆ ಮಣಿಪಾಲಕ್ಕೆ ಹೋಗಬೇಕು ಎಂದು ಯಾವ ಬಾಯಲ್ಲಿ ಹೇಳುವುದು? ಕಾಲೇಜಿನ ಸಹಿ ಮತ್ತೆ ಮತ್ತೆ ಬೇಕಾಗುವುದಿಲ್ಲ. ಮೇಲಾಗಿ ಮದುವೆಯ ಕಾಲ, ಹೂವಿಗೆ ಒಳ್ಳೆಯ ದರ, ಗಿಡದಲ್ಲೂ ಹೊರೆ ಹೊರೆ ಮೊಗ್ಗು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವುದೂ ಬೆಳಿಗ್ಗೆ, ಹೂ ಕಟ್ಟುವುದೂ ಬೆಳಿಗ್ಗೆ. ರತ್ನಾವತಿಗೆ ಅವಳ ಹೂವೇ ಕೈತುಂಬ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದು ಸೆಲೀನ್ ಮುಂದೂಡಿದಳು. ಕಡೆಗೆ ಒಂದು ರಾತ್ರಿ ಊಟದ ಹೊತ್ತಿಗೆ ಲೊರ್ನಾಳ ತಾಳ್ಮೆ ಹರಿಯಿತು.

“ಪಪ್ಪ, ಮಮ್ಮಿಯನ್ನು ಮಣಿಪಾಲಕ್ಕೆ ಕಳಿಸಿ. ಹಲ್ಲಿನ ಕೆಲಸ ಅರ್ಧದಲ್ಲಿ ಉಂಟು.”

“ಎಂತ ಕೆಲಸ? ಯಾವ ಅರ್ಧ?” ಸ್ಟ್ಯಾನಿಸ್ಲಾಸ್ ಹೆಂಡತಿಯ ಮುಖ ನೋಡಿದ.

“ನಾವು ಹೋಗಿದ್ದೆವು. ನೋವು ಹೋದದ್ದು ಅಲ್ಲಿಯ ಮದ್ದಿಗೆ. ಇನ್ನು ನರ ತೆಗೆಯಬೇಕಂತೆ.”

ಮಾತು ಬಾಯಿಂದ ಜಾರಿದ ಮೇಲೆ ಲೊರ್ನಾ ತುಟಿ ಕಚ್ಚಿಕೊಂಡಳು. ಅಪೊಲೋನಿಯಾ ಬಾಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

“ಸಹಿ ಹಾಕಲಿಕ್ಕೆ ಹೋದದ್ದಲ್ವಾ ನೀವು?” ಎಂದಳು ಮೆಲ್ಲಗೆ.

“ಮಾಂಯ್, ನೋವು ತಡೆಯಲಿಕ್ಕೆ ಆಗಲಿಲ್ಲ…”

“ಹೋಗಿದ್ದು ಹೋಗಲಿ. ನಾನು ಊರಿಗೆಲ್ಲ ಹೇಳಿಕೊಂಡು ಬಂದೆ. ನೀನು ಕೇಳಿಕೊಂಡು ಕೂತಿದ್ದೆ. ಕುರುಡಿ ಅಂತ ಆಟ ಆಡಿಸಿದ್ದಾ ನನ್ನನ್ನು?”

“ಇಲ್ಲ ಮಾಂಯ್! ನಿಮ್ಮ ಮನಸ್ಸು ನೋಯಿಸುವುದು ಬೇಡ ಅಂತ.”

“ಮನಸ್ಸು ಆಮೇಲೆ. ಈಗ ಎಂತ ಹೇಳಿದಳು ಇವಳು? ನರ ತೆಗೆಯುವುದಾ?” ಮುದುಕಿಯ ದನಿ ಏರಿತು. “ನನ್ನದು ಬರೀ ಹಲ್ಲು ತೆಗೆದದ್ದು. ನರ ಮುಟ್ಟಲಿಲ್ಲ. ಆದರೂ ಕಣ್ಣು ಹೋಯಿತು. ನಿನ್ನದು ನರವನ್ನೇ ತೆಗೆಯುತ್ತಾರಂತೆ! ಕಣ್ಣಿಗೆ ಹೋಗುವ ನರವಲ್ಲದೆ ಅದು ಮತ್ತೆಂತ? ಜೆಜು ದೇವಾ, ಈ ಮನೆಗೆ ಯಾವ ಶಾಪ!”

“ಅಜ್ಜಿ, ಅದು ಹಲ್ಲಿನ ಒಳಗಿನ ನರ—”

“ನೀನು ಕಂಡಿದ್ದೀಯಾ ಅದು ಎಲ್ಲಿಗೆ ಹೋಗ್ತದೆ ಅಂತ?”

ಲೊರ್ನಾ ಕಂಡಿರಲಿಲ್ಲ. ಅವಳು ಓದುತ್ತಿದ್ದದ್ದು ಕಾಮರ್ಸ್. ಸ್ಟ್ಯಾನಿಸ್ಲಾಸ್ ತಾಯಿಯ ಕಡೆಯೋ ಮಗಳ ಕಡೆಯೋ ತಿಳಿಯದೆ, “ನೋವು ಇಲ್ಲವಲ್ಲ ಈಗ? ಮದುವೆಯ ಕಾಲ ಮುಗಿಯಲಿ, ನೋಡುವ,” ಎಂದು ಕೈ ತೊಳೆಯಲು ಎದ್ದ. ಅವನು ಕೈ ತೊಳೆದದ್ದು ಎರಡು ಅರ್ಥದಲ್ಲೂ ಹೌದು.

ಅಪೊಲೋನಿಯಾ ಬಾಯಿ ಅಷ್ಟಕ್ಕೆ ಬಿಡಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಸೊಸೆಯ ಕೈಹಿಡಿದು ದೇವರ ಪಟದ ಮುಂದೆ ಕರೆದೊಯ್ದಳು. ತನ್ನ ಜಪಮಣಿಯನ್ನು ಅವಳ ಅಂಗೈಗೆ ಹಾಕಿದಳು.

“ಹೇಳು. ನರ ತೆಗೆಸುವುದಿಲ್ಲ ಅಂತ ಹೇಳು.”

“ಮಾಂಯ್…”

“ನನಗೆ ಹೆಣ್ಣುಮಕ್ಕಳಿಲ್ಲ ಪುತಾ. ನೀನೂ ನನ್ನ ಹಾಗೆ ತಡಕಾಡುವುದನ್ನು ನಾನು ನೋಡಲಾರೆ. ನೋಡಲಾರೆ ಅಂದರೆ… ಕೇಳಲಾರೆ. ಹೇಳು.”

ಕೈಯಲ್ಲಿ ಬಿಸಿಯಾಗಿದ್ದ ಮಣಿಗಳು, ಎದುರಿಗೆ ಅಳುತ್ತಿರುವ ಮುದುಕಿ. ಸೆಲೀನ್ ಹೇಳಿಬಿಟ್ಟಳು.

ಆಮೇಲೆ ಆಣೆಗಿಂತ ಮೊದಲು ಮುರಿದದ್ದು ಸಿಮೆಂಟು. ಬಾಳೆನಾರಿಗೆ ಡಾಕ್ಟರ ಸಿಮೆಂಟು ಗೊತ್ತೇ? ಒಂದು ಬೆಳಿಗ್ಗೆ ನಾರಿನ ಜೊತೆ ಬಿಳಿಯ ಚೂರೊಂದು ಎದ್ದು ಬಂತು. ಸೆಲೀನ್ ಅದನ್ನು ಅಂಗಳಕ್ಕೆ ಉಗುಳಿ, ತೂತಿಗೆ ಲವಂಗದ ಹತ್ತಿ ತುರುಕಿಕೊಂಡು, ಕಟ್ಟು ಮುಗಿಸಿದಳು. ಉಚ್ಚಿಲದ ದೊಡ್ಡ ಮದುವೆಯೊಂದಕ್ಕೆ ಹೂ ಬೇಕಿತ್ತು. ಸ್ಟ್ಯಾನಿಸ್ಲಾಸನಿಗೂ ಮದುವೆಯ ಬ್ಲೌಸು, ಪ್ಯಾಂಟುಗಳ ರಾಶಿ. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಪುರುಸೊತ್ತಿರಲಿಲ್ಲ. ಲೊರ್ನಾ ಅಜ್ಜಿಯೊಡನೆ ಮಾತು ಬಿಟ್ಟಿದ್ದಳು. ಅಜ್ಜಿ ಮಾತ್ರ ದಿನಾ ಸಂಜೆ ಸೊಸೆಯ ಕೆನ್ನೆಗೆ ಮನಸ್ಸಿಟ್ಟು ಶಿಲುಬೆ ಹಾಕುತ್ತಿದ್ದಳು.

ಮೊದಲು ಮೇಲಿನ ತುಟಿ ದಪ್ಪಗಾಯಿತು. ಎರಡನೆಯ ದಿನ ಮೂಗಿನ ಪಕ್ಕ ಕೆಂಪಗೆ ಊದಿತು, ಜ್ವರ ಬಂತು. ಮೂರನೆಯ ದಿನ ಬೆಳಿಗ್ಗೆ ಸೆಲೀನಳಿಗೆ ಬಲಗಣ್ಣು ತೆರೆಯಲಿಕ್ಕಾಗಲಿಲ್ಲ. ಕೆನ್ನೆಯ ಬಾವು ರೆಪ್ಪೆಯನ್ನು ಮುಚ್ಚಿಬಿಟ್ಟಿತ್ತು.

“ಪಪ್ಪ!” ಎಂದು ಲೊರ್ನಾ ಕಿರುಚಿದಳು. “ಮಮ್ಮಿಯ ಕಣ್ಣು!”

ಅಪೊಲೋನಿಯಾ ಬಾಯಿ ತಡಕಾಡಿಕೊಂಡು ಬಂದು ಸೊಸೆಯ ಮುಖ ಮುಟ್ಟಿದಳು. ಬೆಂಕಿಯ ಹಾಗೆ ಸುಡುತ್ತಿದ್ದ ಬಾವಿನ ಮೇಲೆ ಬೆರಳಾಡಿಸಿ ಕಣ್ಣನ್ನು ಹುಡುಕಿದಳು. ಕಣ್ಣಿರಬೇಕಾದ ಕಡೆ ಬಿಗಿದ ಚರ್ಮ ಸಿಕ್ಕಿತು.

“ನಾನು ಹೇಳಿದ್ದಲ್ವಾ,” ಎಂದು ಅವಳು ಅಳತೊಡಗಿದಳು. “ಅವರು ನರ ಮುಟ್ಟಿಬಿಟ್ಟಿದ್ದಾರೆ. ನಾನು ಹೇಳಿದ್ದಲ್ವಾ!”

ಸ್ಟ್ಯಾನಿಸ್ಲಾಸ್ ಓಡಿಹೋಗಿ ಬಾಡಿಗೆ ಕಾರು ತಂದ. ಮುದುಕಿ ತಾನೂ ಬರುತ್ತೇನೆಂದು ಹಟ ಹಿಡಿದು ಹತ್ತಿ ಕೂತಳು. ದಾರಿಯುದ್ದಕ್ಕೂ ಸೊಸೆಯ ತಲೆ ಅವಳ ತೊಡೆಯ ಮೇಲಿತ್ತು.

ಸುಭಾಷಿಣಿ ಡಾಕ್ಟರಿಗೆ ಮುಖ ನೋಡಿದ ಕೂಡಲೇ ಗುರುತು ಸಿಗಲಿಲ್ಲ, ಹಲ್ಲು ನೋಡಿದ ಮೇಲೆ ಸಿಕ್ಕಿತು. “ನೀವಾ? ಬರಲಿಕ್ಕೆ ಎಂತ ಆಗಿತ್ತು ನಿಮಗೆ? ನಾನು ಅಷ್ಟು ಹೇಳಿರಲಿಲ್ವಾ? ಕೀವು ಕಣ್ಣಿನ ಬುಡಕ್ಕೆ ಏರಿದೆ. ಇನ್ನೂ ತಡ ಮಾಡಿದ್ದರೆ ಕಣ್ಣಿಗೂ ಆಗ್ತಿತ್ತು, ಜೀವಕ್ಕೂ ಆಗ್ತಿತ್ತು.”

ಸೆಲೀನಳನ್ನು ಒಳಗೆ ಕರೆದೊಯ್ದು ಕೀವು ತೆಗೆದರು, ಇಂಜೆಕ್ಷನ್ ಕೊಟ್ಟು ವಾರ್ಡಿನಲ್ಲಿ ಇರಿಸಿಕೊಂಡರು. ಬಾವು ಇಳಿದ ಮೇಲೆ ಕೋರೆಹಲ್ಲನ್ನು ಕಿತ್ತರು. ಉಳಿಸಲು ಅದರ ಬುಡದಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ಮಾತ್ರ ಮೊದಲಿನಂತೆ ತೆರೆಯಿತು.

ಸೊಸೆ ವಾರ್ಡಿನಲ್ಲಿದ್ದಷ್ಟು ದಿನವೂ ಮಂಚದ ಪಕ್ಕ ಬಿಡದೆ ಕೂತಿದ್ದ ಅಪೊಲೋನಿಯಾ ಬಾಯಿ, ಹಲ್ಲು ಕಿತ್ತ ದಿನ ಡಾಕ್ಟರ ಸದ್ದು ಕೇಳಿ ಆಕೆಯ ಸೆರಗು ಹಿಡಿದಳು. “ಮೇಲಿನ ಹಲ್ಲು ತೆಗೆದಿರಿ. ಇನ್ನು ಇವಳ ಕಣ್ಣಿಗೆ ಎಷ್ಟು ವರ್ಷ ಉಂಟು? ಮುಚ್ಚಿಡಬೇಡಿ. ನನಗೆ ಹೋದದ್ದು ಹೀಗೇ.”

ಸುಭಾಷಿಣಿ ಮೊದಲು ನಕ್ಕಳು. ಆಮೇಲೆ ಮುದುಕಿಯ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು, ನಗು ನಿಂತಿತು. “ಅಜ್ಜಿ, ನಿಮ್ಮ ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ. ಬೆಳ್ಳಗೆ ಕಾಣ್ತಾ ಉಂಟು. ಇದು ಹಲ್ಲಿನಿಂದ ಬಂದದ್ದಲ್ಲ, ಪ್ರಾಯಕ್ಕೆ ಬರುವುದು. ಹಲ್ಲಿರುವವರಿಗೂ ಬರ್ತದೆ, ಇಲ್ಲದವರಿಗೂ ಬರ್ತದೆ. ಆಪರೇಶನ್ ಮಾಡಿದರೆ ಕಾಣ್ತದೆ. ಇಷ್ಟು ವರ್ಷ ಯಾರಿಗೂ ತೋರಿಸಲೇ ಇಲ್ವಾ?”

“ಹಲ್ಲಿನಿಂದ ಹೋದ ಕಣ್ಣಿಗೆ ಮದ್ದಿಲ್ಲ ಅಂತ…” ಎಂದಳು ಮುದುಕಿ.

ತಾನು ಇಷ್ಟು ವರ್ಷ ಕತ್ತಲಲ್ಲಿ ಕೂತದ್ದು ಸುಳ್ಳು ಕಾರಣಕ್ಕೆ ಎಂಬುದು ಒಂದು ಕಡೆ. ಅದೇ ಸುಳ್ಳು ಕಾರಣವನ್ನು ಜಪಮಣಿಯ ಜೊತೆ ಸೊಸೆಯ ಕೈಗೆ ಹಾಕಿದ್ದು ಇನ್ನೊಂದು ಕಡೆ. ಎರಡೂ ಒಟ್ಟಿಗೆ ಅವಳ ಮೇಲೆ ಬಿದ್ದವು.

ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೆಲೀನ್ ಜಗಲಿಗೆ ಮರಳಿ ಬಂದಳು, ಆದರೆ ನಾರು ಸೀಳುವ ಹಲ್ಲಿರಲಿಲ್ಲ. ಎಡಗಡೆಯಿಂದ ಸೀಳಿದರೆ ದಪ್ಪ, ಬ್ಲೇಡಿನಿಂದ ಸೀಳಿದರೆ ನಡುವೆ ತುಂಡು. ಹೂವಿನವನು ಈಗ ಅವಳ ಕಟ್ಟನ್ನೂ ತಿರುಗಿಸಿ ನೋಡತೊಡಗಿದ. “ಎಂತ ಸೆಲೀನ್ ಬಾಯಿ, ಹಗ್ಗದಲ್ಲಿ ಕಟ್ಟಿದ ಹಾಗೆ ಉಂಟಲ್ಲ,” ಎಂದು ಒಂದು ದಿನ ಹೇಳಿಯೂ ಬಿಟ್ಟ. ಅವಳು ಉತ್ತರ ಕೊಡಲು ಬಾಯಿ ತೆರೆದವಳು ಥಟ್ಟನೆ ಸೆರಗು ಅಡ್ಡ ಹಿಡಿದಳು. ಅಂದಿನಿಂದ ನಗುವಾಗಲೂ ಮಾತಾಡುವಾಗಲೂ ಸೆರಗು ಬಾಯಿಗೆ ಬರುವುದು ರೂಢಿಯಾಯಿತು.

ಮಳೆ ಹಿಡಿದ ಮೇಲೆ ರತ್ನಾವತಿ ತನ್ನ ಮಗಳನ್ನು ಕರೆದುಕೊಂಡು ಬಂದಳು. “ಬಾಯಮ್ಮ, ಇವಳಿಗೆ ದವಡೆ ಹಲ್ಲು. ಒಂದು ಶಿಲುಬೆ ಹಾಕಿ.”

“ಮಣಿಪಾಲಕ್ಕೆ ಕರಕೊಂಡು ಹೋಗು.”

“ಮಳೆಯಲ್ಲಿ ಎಲ್ಲಿಗೆ ಹೋಗುವುದು ಬಾಯಮ್ಮ? ನಿಮ್ಮ ಕೈಗುಣ—”

“ನನ್ನ ಕೈಗುಣ ನನ್ನ ಸೊಸೆಯ ಬಾಯಲ್ಲಿ ಉಂಟು. ಹೋಗಿ ನೋಡು.” ಮುದುಕಿ ಎದ್ದು ಒಳಗೆ ಹೋದಳು. ಲವಂಗದ ಎಣ್ಣೆಯ ಶೀಶೆಯನ್ನು ಅಂದೇ ಅಟ್ಟಕ್ಕೆ ಹಾಕಿಸಿದಳು.

ಕಣ್ಣಿನ ಆಪರೇಶನ್ ಮಾಡಿಸೋಣ ಎಂದು ಸ್ಟ್ಯಾನಿಸ್ಲಾಸ್ ಹೇಳಿದ. ಲೊರ್ನಾ ಹೇಳಿದಳು. ಇಗರ್ಜಿಯ ಪಾದ್ರಿಗಳಿಂದಲೂ ಹೇಳಿಸಿದರು. ಮುದುಕಿ ಒಂದೇ ಮಾತು ಹಿಡಿದಿದ್ದಳು. “ನನಗೆ ಬೇಡ. ಕಂಡು ಎಂತ ಆಗಲಿಕ್ಕುಂಟು? ಹೀಗೇ ಹೋಗ್ತೇನೆ.”

ಸೆಲೀನ್ ಇದನ್ನೆಲ್ಲ ಕೇಳಿಕೊಂಡು ಅಕ್ಕಿ ಆರಿಸುತ್ತಿದ್ದಳು. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಗೆರಸೆಯನ್ನು ನೆಲಕ್ಕೆ ಕುಕ್ಕಿದಳು. ಮದುವೆಯಾಗಿ ಬಂದ ಮೇಲೆ ಅವಳು ಆ ಮನೆಯಲ್ಲಿ ದನಿ ಎತ್ತಿದ್ದು ಅದೇ ಮೊದಲು.

“ಸಾಕು ಮಾಂಯ್! ನಿಮ್ಮ ಭಯಕ್ಕೆ ನನ್ನ ಹಲ್ಲು ಹೋಯಿತು. ಈಗ ನಿಮ್ಮ ಪಶ್ಚಾತ್ತಾಪವನ್ನೂ ನಾನೇ ಹೊರಬೇಕಾ? ದಿನಾ ನಿಮ್ಮ ಕೈ ಹಿಡಿದು ಬಚ್ಚಲಿಗೆ ಕರಕೊಂಡು ಹೋಗುವವಳು ನಾನು, ಬಟ್ಟಲಲ್ಲಿ ಮೀನಿನ ಮುಳ್ಳು ತೆಗೆದುಕೊಡುವವಳು ನಾನು. ಕಾಣುವುದಕ್ಕೆ ದಾರಿ ಉಂಟು ಅಂತ ಗೊತ್ತಾದ ಮೇಲೂ ಕಾಣುವುದಿಲ್ಲ ಅಂತ ಕೂತರೆ ಅದು ನನಗೆ ಶಿಕ್ಷೆ, ನಿಮಗಲ್ಲ!”

ಮಾತಾಡಿ ಮುಗಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಸೆರಗು ಬಾಯಿಗೆ ಬಂತು. ಅಪೊಲೋನಿಯಾ ಬಾಯಿ ನೆಲ ತಡವಿ, ಗೆರಸೆಯಿಂದ ಚೆಲ್ಲಿದ ಅಕ್ಕಿಯನ್ನು ಬಳಿದು ಕೂಡಿಸಿದಳು.

“ಯಾವಾಗ ಹೋಗುವುದು?” ಎಂದಳು ಕಡೆಗೆ.

ಜಡಿಮಳೆಯ ಆಟಿ ತಿಂಗಳು ಕಳೆದು ಮಳೆ ಹಗುರವಾದ ಮೇಲೆ ಮಣಿಪಾಲದಲ್ಲೇ ಒಂದು ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದ ಮೇಲೂ ಕನ್ನಡಕ ಬರುವವರೆಗೆ ಎಲ್ಲ ಮಸುಕು ಮಸುಕೇ. ತೆನೆ ಹಬ್ಬ ಕಳೆದ ಮೇಲೆ ಸ್ಟ್ಯಾನಿಸ್ಲಾಸ್ ಉಡುಪಿಯಿಂದ ದಪ್ಪ ಗಾಜಿನ ಕನ್ನಡಕ ತಂದು ತಾಯಿಯ ಕಿವಿಗೆ ಸಿಕ್ಕಿಸಿದ. ಅವಳು ಮೊದಲು ಮಗನನ್ನು ನೋಡಿ, “ನಿನ್ನ ಕೂದಲೆಲ್ಲ ಎಲ್ಲಿ ಹೋಯಿತು ಮಾರಾಯ?” ಎಂದಳು. ಎಲ್ಲರೂ ನಕ್ಕರು. ಸೆಲೀನ್ ಸೆರಗಿನೊಳಗೆ ನಕ್ಕಳು.

ಮರುದಿನ ಬೆಳಿಗ್ಗೆ ಮುದುಕಿ ಯಾರ ಕೈಯನ್ನೂ ಹಿಡಿಯದೆ ಜಗಲಿಗೆ ಬಂದಳು. ಹೊಸ ಕನ್ನಡಕಕ್ಕೆ ದೂರ ಹತ್ತಿರ ಇನ್ನೂ ತಿಳಿಯದು, ಮೊಗ್ಗಿನ ತಟ್ಟೆಗೆ ಕೈ ಚಾಚಿದರೆ ಬೆರಳು ನೆಲಕ್ಕೆ ತಾಗಿತು. ಮತ್ತೆ ಚಾಚಿ ಹಿಡಿದಳು. ಒಂದು ಮೊಗ್ಗನ್ನು ಎತ್ತಿ, ಅದರ ತೊಟ್ಟನ್ನು ನೋಡಿ, ಪಕ್ಕಕ್ಕಿಟ್ಟಳು. ಎದುರಿಗೆ ಸೆಲೀನ್ ತಲೆ ತಗ್ಗಿಸಿ ಎಡಗಡೆಯಿಂದ ನಾರು ಎಳೆಯುತ್ತಿದ್ದಳು.

“ಸೆಲೀನ್, ಇತ್ತ ನೋಡು. ಬಾಯಿ ತೆರೆ.”

“ಎಂತಕ್ಕೆ ಮಾಂಯ್?”

“ತೆರೆ ಪುತಾ.”

ಸೆಲೀನ್ ಸೆರಗು ಇಳಿಸಿ ಬಾಯಿ ತೆರೆದಳು. ಅಪೊಲೋನಿಯಾ ಬಾಯಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು, ಆ ಡಾಕ್ಟರು ತನ್ನನ್ನು ತಿರುಗಿಸಿದ ಹಾಗೆ. ಕೋರೆಹಲ್ಲು ಇದ್ದ ಕಡೆ ಖಾಲಿ ಒಸಡು. ಅದರಿಂದ ತುಟಿಯ ಒಂದು ಬದಿ ಒಳಕ್ಕೆ ಇಳಿದು, ಸೊಸೆಯ ಮುಖ ತಾನು ಕಂಡ ಮುಖಕ್ಕಿಂತ ಎಷ್ಟೋ ವರ್ಷ ಹಳೆಯದಾಗಿತ್ತು. ಮುದುಕಿಯ ಹೆಬ್ಬೆರಳು ಅಭ್ಯಾಸದಿಂದ ಆ ಕೆನ್ನೆಯ ಕಡೆಗೆ ಏರಿತು. ಅರ್ಧದಲ್ಲಿ ನಿಂತಿತು.

“ಹಾಕಿ ಮಾಂಯ್,” ಎಂದಳು ಸೆಲೀನ್ ಮೆಲ್ಲಗೆ. “ಬೇಕಾದರೆ ಹಾಕಿ.”

“ಎಲ್ಲಿಗೆ ಹಾಕುವುದು? ಅಲ್ಲಿ ಎಂತ ಉಂಟು?” ಕನ್ನಡಕದ ಗಾಜು ಒದ್ದೆಯಾಯಿತು. ಅದನ್ನು ಸೀರೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡು ಅವಳು ಇನ್ನಷ್ಟು ಬಗ್ಗಿದಳು. “ಅದರ ಪಕ್ಕದ್ದು ಕಪ್ಪಾಗ್ತಾ ಉಂಟಲ್ಲ?”

ಸೆಲೀನ್ ಬಾಯಿ ಮುಚ್ಚಿಕೊಂಡಳು.

“ಡಾಕ್ಟರು ಹೇಳಿದ್ದಾರಾ?”

“ಆಗಲೇ ಹೇಳಿದ್ದರು. ಅದಕ್ಕೂ ತಾಗಿದೆಯಂತೆ. ನೋವಿಲ್ಲ.”

“ಎಂತ ಮಾಡಬೇಕಂತೆ?”

ಸೆಲೀನ್ ಕೈಯಲ್ಲಿದ್ದ ನಾರನ್ನು ಸುತ್ತಿದಳು, ಬಿಚ್ಚಿದಳು. “ನಿಮಗೆ ಗೊತ್ತುಂಟಲ್ಲ ಮಾಂಯ್. ನಾನು ಮಾಡಿಸುವುದಿಲ್ಲ ಅಂತ ಹೇಳಿದ್ದೇನಲ್ಲ, ಜಪಮಣಿ ಹಿಡಿದು.”

ಅಷ್ಟು ದಿನ ಆ ಆಣೆಯನ್ನು ಅವಳು ಇಟ್ಟುಕೊಂಡೇ ಇದ್ದಳು. ಭಕ್ತಿಯಿಂದಲೋ ಸಿಟ್ಟಿನಿಂದಲೋ ಅವಳಿಗೂ ತಿಳಿಯದು. ಅಪೊಲೋನಿಯಾ ಬಾಯಿ ಕೊರಳಿನಲ್ಲಿದ್ದ ಜಪಮಣಿಯನ್ನು ತೆಗೆದು, ಸೊಸೆಯ ಕೈಯಿಂದ ನಾರನ್ನು ಬಿಡಿಸಿ, ಅದೇ ಅಂಗೈಗೆ ಮಣಿಗಳನ್ನು ಹಾಕಿದಳು. ಮೊಗ್ಗಿನ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

“ಬೆಳಗಿನ ಬಸ್ಸು ಇನ್ನೂ ಹೋಗಿಲ್ಲ ಅಲ್ವಾ? ಸೀರೆ ಬದಲಿಸು. ಹೂ ನಾನು ಕಟ್ತೇನೆ. ಹಗ್ಗದ ಹಾಗೆ ಆದರೂ ಆಗಲಿ, ಹೂವಿನವನ ಹತ್ತಿರ ನಾನು ಮಾತಾಡ್ತೇನೆ.”

“ಮಾಂಯ್…”

“ಹೋಗು ಪುತಾ. ನರ ತೆಗೆಸಿಕೊಂಡೇ ಬಾ.”